ನಿಂಟೆಂಡೊ ‘ಗಾಲ್ಫ್’ (1984): ಮೂರನೇ ಒತ್ತು ಯಾವಾಗಲೂ ತಡ. ತಪ್ಪು ಕೈಯದೋ, ಟೀವಿಯದೋ?

ಬೋಗಿರಾಯ

ನಿಂಟೆಂಡೊದ 1984ರ ‘ಗಾಲ್ಫ್’ ಬಗ್ಗೆ ಕೇಳಬೇಕಿತ್ತು. ಎನ್‌ಇಎಸ್ (ನಿಂಟೆಂಡೊದ ಹಳೆಯ ಆಟದ ಕನ್ಸೋಲ್) ಅಸಲಿ, ಕಾರ್ಟ್ರಿಡ್ಜ್ ಅಸಲಿ, ಟೀವಿ ಮಾತ್ರ ಈಗಿನ ಎಲ್‌ಸಿಡಿ. ಹಳದಿ ಪಿನ್ನಿನ ಕಾಂಪೊಸಿಟ್ ವೈರಿನಿಂದ ನೇರವಾಗಿ ಟೀವಿಗೆ ಜೋಡಿಸಿದೆ.

ಮೊದಲ ಒತ್ತಿಗೆ ಹೊಡೆತದ ಮೀಟರ್ (ಪಟ್ಟಿಯ ಮೇಲೆ ಓಡುವ ಸೂಚಿ) ಹೊರಡುತ್ತದೆ, ಎರಡನೇ ಒತ್ತಿಗೆ ಬಲ ನಿಗದಿಯಾಗುತ್ತದೆ, ಸೂಚಿ ವಾಪಸು ಬರುವಾಗ ಮೂರನೇ ಒತ್ತು ಗುರುತಿನ ಮೇಲೆ ಬೀಳಬೇಕು. ಇಷ್ಟು ಗೊತ್ತು. ಆದರೆ ಸರಿಯಾಗಿ ಗುರುತಿನ ಮೇಲೇ ಒತ್ತಿದರೂ ಸೂಚಿ ತುಸು ದಾಟಿಯೇ ನಿಲ್ಲುತ್ತದೆ. ಹತ್ತು ಹೊಡೆತದಲ್ಲಿ ಎಂಟು ಒಂದೇ ಕಡೆಗೆ ಬಾಗುತ್ತವೆ. ಲ್ಯಾಪ್‌ಟಾಪ್‌ನ ಎಮ್ಯುಲೇಟರ್‌ನಲ್ಲಿ (ಹಳೆಯ ಕನ್ಸೋಲನ್ನು ಅನುಕರಿಸುವ ಪ್ರೋಗ್ರಾಂ) ಇದು ಕಡಿಮೆ, ಆದರೆ ಪೂರ್ತಿ ಹೋಗಿಲ್ಲ.

1. ಇದು ಅಭ್ಯಾಸದ ಕೊರತೆಯೋ, ಟೀವಿ ತಡವೋ? ಪತ್ತೆ ಹಚ್ಚುವುದು ಹೇಗೆ?
2. ಅಟಾರಿ, ಇಂಟೆಲಿವಿಷನ್ ಕಾಲದ ಗಾಲ್ಫ್ ಆಟಗಳಲ್ಲೂ ಇದೇ ಗೋಳು ಇದೆಯೇ? ಅಥವಾ ಕನ್ಸೋಲ್‌ನಲ್ಲಿ ಗಾಲ್ಫ್ ಶುರುವಾಗಿದ್ದೇ ನಿಂಟೆಂಡೊದಿಂದಲೋ?
3. ಎನ್‌ಇಎಸ್‌ಗೆ ಒಂದು ಪುಟ್ಟ ಗಾಲ್ಫ್ ಆಟ ಬರೆಯುತ್ತಿದ್ದೇನೆ. ನಾಲ್ಕು ಹೋಲ್ ಹಾಕುವಷ್ಟರಲ್ಲೇ ನಕ್ಷೆಗಳು ಕಾರ್ಟ್ರಿಡ್ಜ್‌ನ ರೋಮ್ (ROM) ನುಂಗುತ್ತಿವೆ. 24 ಕಿಲೋಬೈಟ್ ಕಾರ್ಟ್ರಿಡ್ಜ್‌ನಲ್ಲಿ 18 ಹೋಲ್ ಕೂರಿಸಿದ್ದು ಹೇಗೆ?

ಸ್ಕ್ಯಾನ್‌ಲೈನ್

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆದರೆ ನಿಮ್ಮ ವಿಷಯದಲ್ಲಿ ನೆಲ ನಿಜಕ್ಕೂ ಡೊಂಕಾಗಿದೆ.

ನೀವು ಕೊಟ್ಟ ಲಕ್ಷಣದಲ್ಲೇ ಉತ್ತರ ಇದೆ. ಕೈ ತಪ್ಪಿದರೆ ಹೊಡೆತಗಳು ಎರಡೂ ಕಡೆ ಚದುರಬೇಕು: ಒಮ್ಮೆ ಬೇಗ, ಒಮ್ಮೆ ತಡ. ಎಲ್ಲವೂ ಒಂದೇ ಕಡೆ, ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ತಪ್ಪುತ್ತಿದ್ದರೆ ಅದು ಪರದೆಯ ವಿಳಂಬ. ಸೂಚಿ ಗುರುತಿನ ಮೇಲಿದೆ ಎಂದು ಟೀವಿ ತೋರಿಸುವ ಹೊತ್ತಿಗೆ ಕನ್ಸೋಲಿನ ಒಳಗೆ ಅದು ಗುರುತು ದಾಟಿಯಾಗಿರುತ್ತದೆ. ಎರಡನೇ ಒತ್ತಿನಲ್ಲೂ ಇದೇ ಆಗುತ್ತಿದೆ, ನೀವು ಗಮನಿಸಿಲ್ಲ ಅಷ್ಟೇ: ಬಯಸಿದ್ದಕ್ಕಿಂತ ಬಲ ಒಂದಿಷ್ಟು ಜಾಸ್ತಿಯೇ ಬೀಳುತ್ತಿರಬೇಕು. ಮುಂದಿನ ಸಲ ಮೀಟರ್‌ನ ನಡುವೆ ಒಂದು ಜಾಗ ಗೊತ್ತುಮಾಡಿಕೊಂಡು ಅಲ್ಲಿ ನಿಲ್ಲಿಸಿ ನೋಡಿ. ಅಲ್ಲೂ ದಾಟಿ ನಿಂತರೆ ಅನುಮಾನವೇ ಬೇಡ.

ಎನ್‌ಟಿಎಸ್‌ಸಿ (ಅಮೆರಿಕ, ಜಪಾನ್‌ನ ಟೀವಿ ಪದ್ಧತಿ) ಎನ್‌ಇಎಸ್‌ನಲ್ಲಿ ಒಂದು ಫ್ರೇಮ್, ಅಂದರೆ ಪರದೆಯ ಒಂದು ಚಿತ್ರ, ಸುಮಾರು 16.6 ಮಿಲಿಸೆಕೆಂಡ್. ಟೀವಿ 66 ಮಿಲಿಸೆಕೆಂಡ್ ತಡ ಮಾಡಿದರೆ ನಾಲ್ಕು ಫ್ರೇಮ್ ಹೋಯಿತು. ಆ ನಾಲ್ಕು ಫ್ರೇಮ್‌ನಲ್ಲಿ ಸೂಚಿ ಎಷ್ಟು ದೂರ ಓಡುತ್ತದೋ ಅಷ್ಟೂ ನಿಮ್ಮ ತಪ್ಪಾಗಿ ದಾಖಲಾಗುತ್ತದೆ.

ಇಷ್ಟೊಂದು ತಡ ಯಾಕೆ ಅಂದರೆ, ಎನ್‌ಇಎಸ್ ಕಳಿಸುವುದು 240ಪಿ ಚಿತ್ರ, ಅಂದರೆ ಪ್ರತಿ ಫ್ರೇಮ್‌ನಲ್ಲೂ ಪೂರ್ತಿ 240 ಗೆರೆ. ಬಹಳಷ್ಟು ಎಲ್‌ಸಿಡಿ ಟೀವಿಗಳು ಅದನ್ನು 480ಐ (ಸಮ, ಬೆಸ ಗೆರೆಗಳು ಸರದಿಯಲ್ಲಿ ಬರುವ ಚಿತ್ರ) ಎಂದೇ ಭಾವಿಸಿ, ಸಮ-ಬೆಸ ಗೆರೆಗಳನ್ನು ಹೆಣೆದು ಒಂದು ಚಿತ್ರ ಮಾಡಲು ಹೊರಡುತ್ತವೆ. ಅದಕ್ಕೆ ಹಿಂದಿನ ಫ್ರೇಮ್‌ಗಳನ್ನು ಕೂಡಿಟ್ಟುಕೊಳ್ಳಬೇಕು. ಆಮೇಲೆ ಹಿಗ್ಗಿಸಬೇಕು, ಅದರ ಮೇಲೆ ಬಣ್ಣ ತಿದ್ದಬೇಕು, ಚಲನೆ ನುಣುಪು ಮಾಡಬೇಕು. ಹಳೆಯ ಸಿಆರ್‌ಟಿ (ಗಾಜಿನ ಕೊಳವೆಯ) ಟೀವಿಯಲ್ಲಿ ಇದ್ಯಾವುದೂ ಇಲ್ಲ. ಸಿಗ್ನಲ್ ಬಂದ ಹಾಗೇ ಗೆರೆ ಎಳೆಯುತ್ತಾ ಹೋಗುತ್ತದೆ.

ಅಳೆಯುವುದಕ್ಕೆ ‘240ಪಿ ಟೆಸ್ಟ್ ಸೂಟ್’ ಎಂಬ ಉಚಿತ ಪ್ರೋಗ್ರಾಂ ಇದೆ, ಎನ್‌ಇಎಸ್ ಆವೃತ್ತಿಯೂ ಉಂಟು. ಫ್ಲ್ಯಾಶ್ ಕಾರ್ಟ್ರಿಡ್ಜ್‌ಗೆ (ಬೇಕಾದ ಪ್ರೋಗ್ರಾಂ ತುಂಬಿಸಬಹುದಾದ ಕಾರ್ಟ್ರಿಡ್ಜ್) ಹಾಕಿ ಮ್ಯಾನುಯಲ್ ಲ್ಯಾಗ್ ಟೆಸ್ಟ್ ತೆರೆಯಿರಿ. ಚಲಿಸುವ ಆಕೃತಿ ನಿಂತ ಆಕೃತಿಯ ಮೇಲೆ ಕೂತ ಕ್ಷಣಕ್ಕೆ ಬಟನ್ ಒತ್ತಬೇಕು. ಹತ್ತು ಸಲದ ಸರಾಸರಿ ಫ್ರೇಮ್ ಲೆಕ್ಕದಲ್ಲಿ ಬರುತ್ತದೆ. ಮೂರು ಸುತ್ತು ಮಾಡಿ, ಮೊದಲ ಸುತ್ತು ಬಿಟ್ಟುಬಿಡಿ. ಆಗ ಕೈ ಇನ್ನೂ ಲಯ ಹಿಡಿದಿರುವುದಿಲ್ಲ.

ಸರಿಪಡಿಸಲು ಈ ಕ್ರಮದಲ್ಲಿ ಹೋಗಿ:

ಮೊದಲು ಟೀವಿಯ ಗೇಮ್ ಮೋಡ್ ಆನ್ ಮಾಡಿ. ಕೆಲವು ಟೀವಿಗಳಲ್ಲಿ ಇದನ್ನು ಒಂದೊಂದು ಇನ್‌ಪುಟ್‌ಗೂ ಬೇರೆಬೇರೆಯಾಗಿ ಆನ್ ಮಾಡಬೇಕು. ಎಚ್‌ಡಿಎಂಐಗೆ ಹಾಕಿ ಕಾಂಪೊಸಿಟ್‌ಗೆ ಹಾಕದೆ ಬಿಟ್ಟವರು ಬೇಕಾದಷ್ಟು ಜನ. ಚಲನೆ ನುಣುಪು ಮಾಡುವುದು, ನಾಯ್ಸ್ ರಿಡಕ್ಷನ್, ಎಡ್ಜ್ ಚೂಪು ಮಾಡುವುದು, ಮೂರನ್ನೂ ಆಫ್ ಮಾಡಿ. ಮತ್ತೆ ಅಳೆಯಿರಿ.

ಆಗಲೂ ಎರಡು ಫ್ರೇಮ್‌ಗಿಂತ ಜಾಸ್ತಿ ಉಳಿದರೆ ನಡುವೆ ಸ್ಕೇಲರ್, ಅಂದರೆ ಚಿತ್ರವನ್ನು ಹೊಸ ಟೀವಿಗೆ ಹೊಂದುವಂತೆ ಬದಲಿಸುವ ಪೆಟ್ಟಿಗೆ ಬೇಕು. ಇಲ್ಲಿ ಎಡವಬೇಡಿ: ಓಎಸ್‌ಎಸ್‌ಸಿ ಒಳ್ಳೆಯ ಪೆಟ್ಟಿಗೆ, ಆದರೆ ಅದು ಕಾಂಪೊಸಿಟ್ ತೆಗೆದುಕೊಳ್ಳುವುದಿಲ್ಲ, ಆರ್‌ಜಿಬಿ ಅಥವಾ ಕಾಂಪೊನೆಂಟ್ ಕೇಳುತ್ತದೆ. ಮಾರ್ಪಡಿಸದ ಎನ್‌ಇಎಸ್‌ನಲ್ಲಿ ಅದು ಹೊರಬರುವುದೇ ಇಲ್ಲ. ಕಾಂಪೊಸಿಟ್ ನೇರ ಹಿಡಿಯುವ ರೆಟ್ರೋಟಿಂಕ್-2ಎಕ್ಸ್ ಥರದ್ದು ತೆಗೆದುಕೊಳ್ಳಿ. ಅದು ಗೆರೆಗಳನ್ನು ದ್ವಿಗುಣ ಮಾಡಿ ಕಳಿಸುತ್ತದೆ, ಇಡೀ ಫ್ರೇಮ್ ಹಿಡಿದಿಟ್ಟುಕೊಳ್ಳುವುದಿಲ್ಲ. ಮೊದಲ ಮಾದರಿಯ ಫ್ಯಾಮಿಕಾಮ್ (ಎನ್‌ಇಎಸ್‌ನ ಜಪಾನಿ ರೂಪ) ಆದರೆ ಕಾಂಪೊಸಿಟ್ ಕೂಡ ಇಲ್ಲ, ಬರೀ ಆರ್‌ಎಫ್ (ಆಂಟೆನಾ ಸಿಗ್ನಲ್). 1993ರ ಎವಿ ಫ್ಯಾಮಿಕಾಮ್‌ನಲ್ಲಿ ಕಾಂಪೊಸಿಟ್ ಇದೆ.

ಎಮ್ಯುಲೇಟರ್ ಕಡೆ: ರೆಟ್ರೋಆರ್ಕ್ ಎಂಬ ಪ್ರೋಗ್ರಾಂನಲ್ಲಿ ಲೇಟೆನ್ಸಿ ಮೆನುವಿನ ಒಳಗೆ ರನ್-ಅಹೆಡ್ (ಆಟದ ಸ್ವಂತ ತಡವನ್ನು ಕಳೆಯುವ ಸೌಲಭ್ಯ) ಇದೆ. ಎಷ್ಟು ಫ್ರೇಮ್ ಕೊಡಬೇಕೆಂದು ಊಹಿಸಬೇಡಿ. ಪಿ ಕೀ ಒತ್ತಿ ಆಟ ನಿಲ್ಲಿಸಿ, ಒಂದು ಬಟನ್ ಹಿಡಿದುಕೊಂಡು ಕೆ ಕೀಯಿಂದ ಒಂದೊಂದೇ ಫ್ರೇಮ್ ಮುಂದೆ ಹೋಗಿ. ಕೆ ಕೀಯ ಮೂರನೇ ಒತ್ತಿಗೆ ಪರದೆಯಲ್ಲಿ ಬದಲಾವಣೆ ಕಂಡರೆ ಆಟದ ಸ್ವಂತ ವಿಳಂಬ ಎರಡು ಫ್ರೇಮ್, ಎರಡನೇ ಒತ್ತಿಗೇ ಕಂಡರೆ ಒಂದು. ಆ ಸಂಖ್ಯೆಗಿಂತ ಹೆಚ್ಚು ಕೊಟ್ಟರೆ ಚಲನೆಯ ನಡುವಿನ ಚಿತ್ರಗಳೇ ಹಾರಿಹೋಗುತ್ತವೆ. ಮೀಟರ್ ಸೂಚಿ ನೆಗೆದಂತೆ ಕಾಣುತ್ತದೆ, ಮೊದಲಿಗಿಂತ ಕಷ್ಟ.

ಬ್ಲೂಟೂತ್ ಕಂಟ್ರೋಲರ್ ಬೇಡ. ಅದರ ತಡ ಹೊತ್ತಿಗೊಂದು ಥರ ಇರುತ್ತದೆ. ಸ್ಥಿರವಾದ ತಡಕ್ಕೆ ಕೈ ಹೊಂದಿಕೊಳ್ಳುತ್ತದೆ, ಏರಿಳಿಯುವ ತಡಕ್ಕೆ ಹೊಂದಿಕೊಳ್ಳುವುದಿಲ್ಲ.

ಹಳೇ_ಕಾರ್ಟ್ರಿಡ್ಜ್

ಎರಡನೇ ಪ್ರಶ್ನೆಗೆ: ಇಲ್ಲ, ನಿಂಟೆಂಡೊ ಬರುವ ಹೊತ್ತಿಗೆ ಕನ್ಸೋಲ್ ಗಾಲ್ಫ್‌ಗೆ ಐದು ವರ್ಷ ವಯಸ್ಸಾಗಿತ್ತು. ಮ್ಯಾಗ್ನಾವಾಕ್ಸ್ ಒಡಿಸ್ಸಿ 2ಕ್ಕೆ ‘ಕಂಪ್ಯೂಟರ್ ಗಾಲ್ಫ್!’ ಬಂದಿದ್ದು 1979ರಲ್ಲಿ. ಅದೇ ವರ್ಷ ಅಟಾರಿ 2600ಕ್ಕೆ ‘ಮಿನಿಯೇಚರ್ ಗಾಲ್ಫ್’, 1980ರಲ್ಲಿ ‘ಗಾಲ್ಫ್’. 1980ರಲ್ಲೇ ಮ್ಯಾಟೆಲ್‌ನ ಇಂಟೆಲಿವಿಷನ್‌ಗೆ ‘ಪಿಜಿಎ ಗಾಲ್ಫ್’. ಸೆಗಾದ ಎಸ್‌ಜಿ-1000ಕ್ಕೆ 1983ರಲ್ಲಿ ‘ಚಾಂಪಿಯನ್ ಗಾಲ್ಫ್’. ಆಮೇಲೆ ನಿಂಟೆಂಡೊ.

ನಿಮ್ಮ ಗೋಳಿನ ದೃಷ್ಟಿಯಿಂದ ಅಟಾರಿಯ ಎರಡು ಆಟಗಳೇ ಸ್ವಾರಸ್ಯ. ‘ಮಿನಿಯೇಚರ್ ಗಾಲ್ಫ್’ನಲ್ಲಿ ಮೀಟರ್ ಇಲ್ಲ. ಆಟಗಾರನ ಚೌಕ ಚೆಂಡಿನಿಂದ ಎಷ್ಟು ದೂರ ನಿಂತಿದೆಯೋ ಅಷ್ಟು ಬಲ, ಯಾವ ಬದಿಯಲ್ಲಿ ನಿಂತಿದೆಯೋ ಅದರ ಎದುರು ದಿಕ್ಕು. ಜಾಯ್‌ಸ್ಟಿಕ್‌ನಿಂದ ಜಾಗ ಹೊಂದಿಸಿ ಒತ್ತಿದರೆ ಆಯಿತು. ಹೊಡೆತದ ಬಲಕ್ಕೂ ಗಡಿಯಾರಕ್ಕೂ ಸಂಬಂಧವೇ ಇಲ್ಲ. ಹಾಗಾಗಿ ಎಂಥ ಟೀವಿಯಲ್ಲೂ ಹೊಡೆತ ಕೆಡುವುದಿಲ್ಲ. ಚಲಿಸುವ ಅಡ್ಡಿಗಳನ್ನು ತಪ್ಪಿಸುವಾಗ ಮಾತ್ರ ತಡ ಕಾಡುತ್ತದೆ. ನೋಡಲು ಬಣ್ಣದ ಇಟ್ಟಿಗೆಗಳ ರಾಶಿ, ಹಾಗಾಗಿ ಯಾರೂ ಇದನ್ನು ಹೊಗಳುವುದಿಲ್ಲ. ಆದರೆ ದೂರವನ್ನೇ ಬಲ ಮಾಡಿದ ಉಪಾಯ ಬಹಳ ಜಾಣತನದ್ದು.

1980ರ ‘ಗಾಲ್ಫ್’ನಲ್ಲಿ ಬಟನ್ ಹಿಡಿದಷ್ಟು ಹೊತ್ತು ಕ್ಲಬ್ ಹಿಂದಕ್ಕೆ ಹೋಗುತ್ತದೆ, ಬಿಟ್ಟಾಗ ಹೊಡೆತ. ದಿಕ್ಕು ಬೇಕಾದರೆ ಆಟಗಾರನನ್ನು ಚೆಂಡಿನ ಸುತ್ತ ನಡೆಸಬೇಕು. ಇಲ್ಲಿ ತಡದ ಪೆಟ್ಟು ಬಲಕ್ಕೆ ಮಾತ್ರ, ಬಾಗುವಿಕೆಗೆ ಅಲ್ಲ. ಪರದೆ ನೋಡದೆ ಮನಸ್ಸಿನಲ್ಲೇ ಎಣಿಸಿ ಬಿಟ್ಟರೆ ಅದೂ ಇಲ್ಲ, ಯಾಕೆಂದರೆ ಒತ್ತುವುದು, ಬಿಡುವುದು ಎರಡೂ ನಿಮ್ಮ ಕೈಯಲ್ಲೇ ಇವೆ. ಒಟ್ಟು 9 ಹೋಲ್. ಚೆಂಡು ಗ್ರೀನ್ (ಗುಳಿಯ ಸುತ್ತಲಿನ ನುಣುಪು ಹುಲ್ಲು) ತಲುಪಿದರೆ ಪರದೆ ಬದಲಾಗಿ ಗ್ರೀನ್ ದೊಡ್ಡದಾಗಿ ಕಾಣುತ್ತದೆ.

ಗ್ರಾಫಿಕ್ಸ್ ಒರಟು ಅಂತ ನಗುವ ಮುಂಚೆ ಯಂತ್ರ ನೋಡಿ. 2600ರಲ್ಲಿ ಇರುವುದು 128 ಬೈಟ್ ರ‍್ಯಾಮ್, ಕಿಲೋಬೈಟ್ ಅಲ್ಲ. ಚಿತ್ರ ಇಡಲು ಜಾಗವೇ ಇಲ್ಲ. ಒಂದೊಂದು ಗೆರೆಯನ್ನೂ ಪರದೆಯ ಕಿರಣ ಅಲ್ಲಿಗೆ ಬರುವಷ್ಟರಲ್ಲಿ ಪ್ರೊಸೆಸರ್ ಸಿದ್ಧಮಾಡಿ ಕೊಡಬೇಕು. ಹಿನ್ನೆಲೆ ಅಡ್ಡಕ್ಕೆ ಬರೀ 40 ತುಂಡು, ಅದರಲ್ಲೂ 20ನ್ನು ಬರೆದರೆ ಉಳಿದ 20 ಅದರದೇ ಪ್ರತಿ ಅಥವಾ ಕನ್ನಡಿಬಿಂಬ. ಎರಡೂ ಬದಿ ಬೇರೆ ಬೇಕಾದರೆ ಗೆರೆ ಎಳೆಯುತ್ತಿರುವಾಗಲೇ ನಡುವೆ ಬದಲಿಸಬೇಕು.

ಇಂಟೆಲಿವಿಷನ್ ಆಟದಲ್ಲಿ ಕಂಟ್ರೋಲರ್ ಮೇಲಿನ ಅಂಕಿ ಗುಂಡಿಗಳಿಂದ ಕ್ಲಬ್ ಆರಿಸುವುದು, ಅದಕ್ಕೆ ಮೇಲೆ ಸಿಕ್ಕಿಸುವ ಪ್ಲಾಸ್ಟಿಕ್ ಹಾಳೆ ಬೇರೆ. ಆ ಹಾಳೆ ಇಲ್ಲದ ಬರಿ ಕಾರ್ಟ್ರಿಡ್ಜ್ ಕೊಂಡರೆ ಯಾವ ಗುಂಡಿಗೆ ಯಾವ ಕ್ಲಬ್ ಎಂದು ತಲೆ ಕೆರೆದುಕೊಳ್ಳಬೇಕಾಗುತ್ತದೆ. ಡಿಸ್ಕ್‌ನಲ್ಲಿ 16 ದಿಕ್ಕು. ಗಾಲ್ಫ್‌ಗೆ ಎಂಟು ದಿಕ್ಕು ಸಾಲದು ಅಂತ ಮೊದಲು ಮನವರಿಕೆ ಮಾಡಿಸಿದ್ದು ಈ ಆಟವೇ ಅನ್ನಬಹುದು.

ಮೂರು ಒತ್ತಿನ ಪದ್ಧತಿ ಮನೆಮನೆಗೆ ಹೋಗಿದ್ದು ನಿಂಟೆಂಡೊ ಆಟದಿಂದ. ಇವತ್ತಿಗೂ ಗಾಲ್ಫ್ ಆಟ ಅಂದರೆ ಅದೇ ಮೀಟರ್. ಅನುಕೂಲ ಏನೆಂದರೆ ಒಂದೇ ಬಟನ್‌ನಿಂದ ಬಲವೂ ಬಾಗುವಿಕೆಯೂ ಎರಡೂ ಸಿಕ್ಕವು. ಅನನುಕೂಲವನ್ನು ನೀವೇ ಅನುಭವಿಸುತ್ತಿದ್ದೀರಿ.

ಬೋಗಿರಾಯ

ಸ್ಕ್ಯಾನ್‌ಲೈನ್ ಅವರೇ, ಅಳೆದೆ. ಗೇಮ್ ಮೋಡ್ ಎಚ್‌ಡಿಎಂಐಗೆ ಮಾತ್ರ ಆನ್ ಇತ್ತು! ಕಾಂಪೊಸಿಟ್‌ನಲ್ಲಿ ಸರಾಸರಿ 5 ಫ್ರೇಮ್ ಇದ್ದದ್ದು ಗೇಮ್ ಮೋಡ್ ಹಾಕಿದ ಮೇಲೆ 2ಕ್ಕೆ ಬಂತು. ಬಾಗುವುದು ಬಹಳ ಕಡಿಮೆಯಾಗಿದೆ. ಆದರೆ ಇನ್ನೊಂದು ಕಾಟ ಈಗ ಎದ್ದು ಕಾಣುತ್ತಿದೆ: ಹತ್ತರಲ್ಲಿ ಒಂದು ಸಲ ಮೀಟರ್ ಹೊರಟ ಕೂಡಲೇ ನಿಂತುಬಿಡುತ್ತದೆ, ಚೆಂಡು ಮಾರುದ್ದ ಹೋಗಿ ಬೀಳುತ್ತದೆ. ಇದೂ ಟೀವಿಯದೋ?

ಹಳೇ_ಕಾರ್ಟ್ರಿಡ್ಜ್

ಅಲ್ಲ, ಅದು ಎ ಬಟನ್ ಕೆಳಗಿನ ರಬ್ಬರ್. ಒಮ್ಮೆ ಒತ್ತಿದ್ದು ಎರಡು ಸಲ ಒತ್ತಿದಂತೆ ದಾಖಲಾಗುತ್ತಿದೆ. ಬೇರೆ ಆಟಗಳಲ್ಲಿ ಇದು ಗೊತ್ತೇ ಆಗುವುದಿಲ್ಲ. ಗಾಲ್ಫ್‌ನಲ್ಲಿ ಎರಡನೇ ಒತ್ತು ಅಂದರೆ ಬಲ ನಿಗದಿ, ಹಾಗಾಗಿ ತಕ್ಷಣ ಸಿಕ್ಕಿಬೀಳುತ್ತದೆ.

ಕಂಟ್ರೋಲರ್ ಹಿಂದಿನ ಆರು ಸ್ಕ್ರೂ ಬಿಚ್ಚಿ, ಮುಖ ಕೆಳಗೆ ಮಾಡಿ ಹಿಂದಿನ ಮುಚ್ಚಳ ತೆಗೆಯಿರಿ. ವೈರ್ ಪ್ಲಾಸ್ಟಿಕ್ ಗೂಟಗಳ ನಡುವೆ ಸುತ್ತಿಕೊಂಡು ಹೋಗಿರುತ್ತದೆ, ಬಿಚ್ಚುವ ಮುಂಚೆ ಒಂದು ಫೋಟೋ ತೆಗೆದಿಡಿ. ಮರಳಿ ಕೂರಿಸುವಾಗ ಅದು ತಪ್ಪಿದರೆ ಮುಚ್ಚಳ ಕೂರುವುದಿಲ್ಲ, ಬಲವಂತ ಮಾಡಿದರೆ ವೈರ್ ಜಜ್ಜಿಹೋಗುತ್ತದೆ. ಬೋರ್ಡ್ ಎತ್ತಿ, ಕಪ್ಪು ಕಾರ್ಬನ್ ಸಂಪರ್ಕಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿದ ಹತ್ತಿ ಕಡ್ಡಿಯಿಂದ ಒರೆಸಿ. 90 ಪ್ರತಿಶತ ಅಥವಾ ಮೇಲಿನದು ಇರಲಿ, ನೀರು ಜಾಸ್ತಿ ಇದ್ದರೆ ಒಣಗಲು ತಡ. ರಬ್ಬರ್‌ನ ಕಪ್ಪು ಬಿಲ್ಲೆಯನ್ನು ಮೆತ್ತಗೆ ಒರೆಸಿ ಸಾಕು. ಮರಳು ಕಾಗದ ಖಂಡಿತ ಬೇಡ, ವಿದ್ಯುತ್ ಹರಿಯುವ ಪದರವೇ ಕಿತ್ತುಬರುತ್ತದೆ. ಒರೆಸಿದ ಮೇಲೂ ಹೋಗದಿದ್ದರೆ ರಬ್ಬರ್ ಪ್ಯಾಡ್ ಬದಲಿಸಿ.

6502_ಭಕ್ತ

ಮೂರನೇ ಪ್ರಶ್ನೆಗೆ ಯಾರೂ ಕೈ ಹಾಕಿಲ್ಲವಲ್ಲ, ಬನ್ನಿ.

ಆ ಆಟದ ಪ್ರೋಗ್ರಾಮರ್ ಸಟೋರು ಇವಾಟಾ, ಆಗ ಎಚ್‌ಎಎಲ್ ಲ್ಯಾಬೊರೇಟರಿ ಎಂಬ ಆಟದ ಕಂಪನಿಯಲ್ಲಿದ್ದವರು, 2002ರಲ್ಲಿ ನಿಂಟೆಂಡೊ ಅಧ್ಯಕ್ಷರಾದವರು. 18 ಹೋಲ್ ಕೂರಿಸಲು ದತ್ತಾಂಶ ಕುಗ್ಗಿಸುವ ಕ್ರಮವನ್ನು ತಾವೇ ಹೆಣೆದಿದ್ದಾಗಿ ಅವರು ಮುಂದೆ ಹೇಳಿದ್ದಾರೆ. ಕುಗ್ಗಿಸದೆ ಗತಿ ಇರಲಿಲ್ಲ ಅನ್ನುವುದು ಬೆರಳೆಣಿಕೆಯ ಲೆಕ್ಕದಲ್ಲೇ ಗೊತ್ತಾಗುತ್ತದೆ. 24 ಕಿಲೋಬೈಟ್‌ನಲ್ಲಿ 8 ಕಿಲೋಬೈಟ್ ಟೈಲ್‌ಗಳಿಗೆ, ಅಂದರೆ 8×8 ಪಿಕ್ಸೆಲ್‌ನ ಚಿತ್ರದ ತುಂಡುಗಳಿಗೆ ಹೋಯಿತು. ಉಳಿದದ್ದು 16, ಅಂದರೆ 16,384 ಬೈಟ್. ಒಂದು ಪೂರ್ತಿ ಪರದೆ 32×30 = 960 ಟೈಲ್. ಟೈಲ್‌ಗೊಂದು ಬೈಟ್ ಎಂದರೂ 18 ಹೋಲ್‌ಗೆ 17,280 ಬೈಟ್. ಒಂದು ಸಾಲು ಕೋಡ್ ಬರೆಯುವ ಮುಂಚೆಯೇ ಕಾರ್ಟ್ರಿಡ್ಜ್ ತುಂಬಿ ತುಳುಕಿತು.

ನಿಮ್ಮ ಆಟಕ್ಕೆ ನಾನು ಹೇಳುವ ದಾರಿ ಇದು, ಇವಾಟಾ ಅವರ ದಾರಿ ಅಂತ ತಿಳಿಯಬೇಡಿ.

ನಕ್ಷೆಯನ್ನು ಪರದೆ ತುಂಬಾ ಹಾಸಬೇಡಿ, 20 ಅಡ್ಡ, 28 ಉದ್ದ ಸಾಕು. ಉಳಿದ ಜಾಗ ಆಟಗಾರ, ಗಾಳಿ, ಅಂಕಗಳಿಗೆ. ಆಗ ಹೋಲ್‌ಗೆ 560 ಬೈಟ್. ಇನ್ನು ಮುಖ್ಯ ವಿಷಯ: ಟೈಲ್ ಸಂಖ್ಯೆ ಉಳಿಸಬೇಡಿ, ನೆಲದ ಜಾತಿ ಉಳಿಸಿ. ರಫ್ (ಒರಟು ಹುಲ್ಲು), ಫೇರ್‌ವೇ (ಕತ್ತರಿಸಿದ ಹುಲ್ಲಿನ ದಾರಿ), ಮರ, ಮರಳು, ನೀರು, ಗ್ರೀನ್, ಆರು ಜಾತಿ. ಅದಕ್ಕೆ 3 ಬಿಟ್ ಸಾಕು. ಉಳಿದ 5 ಬಿಟ್‌ನಲ್ಲಿ ಆ ಜಾತಿ ಎಷ್ಟು ಟೈಲ್ ಸತತವಾಗಿ ಬರುತ್ತದೆ ಎಂದು ಬರೆಯಿರಿ, 1ರಿಂದ 32. ಒಂದು ಸಾಲಿನಲ್ಲಿ 5 ರಫ್, 7 ಫೇರ್‌ವೇ, 8 ರಫ್ ಇದ್ದರೆ 20 ಬೈಟ್ ಹೋಗಿ 3 ಬೈಟ್ ಆಯಿತು. ನಡುವೆ ಬಂಕರ್ (ಮರಳು ಗುಂಡಿ), ಕೊಳ ಬಂದು ಸಾಲಿಗೆ ಸರಾಸರಿ 5 ತುಂಡಾದರೂ 28×5 = 140 ಬೈಟ್, 18 ಹೋಲ್‌ಗೆ 2,520. ಗಾಲ್ಫ್ ನಕ್ಷೆ ಕುಗ್ಗಿಸಲಿಕ್ಕೆಂದೇ ಹುಟ್ಟಿದ ಹಾಗಿದೆ, ಉದ್ದುದ್ದ ಹುಲ್ಲು ಬಿಟ್ಟರೆ ಅಲ್ಲಿ ಇನ್ನೇನಿದೆ!

ಫೇರ್‌ವೇ ಅಂಚಿನ ದುಂಡು ಟೈಲ್‌ಗಳು? ಅವನ್ನು ಉಳಿಸುವುದೇ ಬೇಡ. ಹೋಲ್ ತೆರೆಯುವಾಗ ಪ್ರತಿ ಚೌಕದ ನಾಲ್ಕು ನೆರೆಯನ್ನು ನೋಡಿ ಅಂಚಿನ ಟೈಲ್ ಆರಿಸಿ. ಈ ಕೆಲಸವನ್ನು ಪರದೆ ಆಫ್ ಮಾಡಿ ಮಾಡಿ. ಚಿತ್ರ ಮೂಡುತ್ತಿರುವಾಗ ಪಿಪಿಯುಗೆ (ಎನ್‌ಇಎಸ್‌ನ ಚಿತ್ರದ ಚಿಪ್) ಬರೆದರೆ ಪರದೆ ತುಂಬಾ ಕಸ.

ಬಣ್ಣದಲ್ಲಿ ಎಲ್ಲರೂ ಒಮ್ಮೆ ಮುಗ್ಗರಿಸುತ್ತಾರೆ. ಎನ್‌ಇಎಸ್‌ನಲ್ಲಿ ಹಿನ್ನೆಲೆಯ ಪ್ಯಾಲೆಟ್ (ನಾಲ್ಕು ಬಣ್ಣಗಳ ಗುಂಪು) ಆರಿಸುವುದು 16×16 ಪಿಕ್ಸೆಲ್ ಚೌಕಕ್ಕೊಂದರಂತೆ, 8×8ಕ್ಕೆ ಅಲ್ಲ. ಕೊಳ ಒಂದು ಟೈಲ್ ಪಕ್ಕಕ್ಕೆ ಸರಿದರೆ ಪಕ್ಕದ ಹುಲ್ಲು ನೀಲಿಯಾಗುತ್ತದೆ. ಪರಿಹಾರ ಸರಳ: ಕಡು ಹಸಿರು ಹಿನ್ನೆಲೆ, ತಿಳಿ ಹಸಿರು, ನೀಲಿ, ಮರಳು ಬಣ್ಣ, ನಾಲ್ಕನ್ನೂ ಒಂದೇ ಪ್ಯಾಲೆಟ್‌ನಲ್ಲಿ ಹಾಕಿ. ಇಡೀ ಮೈದಾನಕ್ಕೆ ಅದೊಂದೇ. ಮರಕ್ಕೆ ಕಡು ಹಸಿರು, ತಿಳಿ ಹಸಿರು ಬೆರೆಸಿದ ಚುಕ್ಕೆ ಸಾಕು.

ಚೆಂಡು ಎಲ್ಲಿ ಬಿತ್ತು ಎಂದು ತಿಳಿಯಲು ಬಿಡಿಸಿದ ನಕ್ಷೆಯ ಒಂದು ಪ್ರತಿಯನ್ನು ರ‍್ಯಾಮ್‌ನಲ್ಲಿ ಇಟ್ಟುಕೊಳ್ಳಿ. 2 ಕಿಲೋಬೈಟ್‌ನಲ್ಲಿ 560 ಹೋದರೂ ತೊಂದರೆ ಇಲ್ಲ. ಚೆಂಡಿನ ಸ್ಥಾನವನ್ನು 8ರಿಂದ ಭಾಗಿಸಿದರೆ, ಅಂದರೆ ಮೂರು ಸಲ ಬಲಕ್ಕೆ ಶಿಫ್ಟ್ ಮಾಡಿದರೆ ಟೈಲ್ ಸಿಕ್ಕಿತು. 20ರಿಂದ ಗುಣಿಸುವ ಗೋಜು ಬೇಡ, 28 ಸಾಲುಗಳ ಆರಂಭದ ವಿಳಾಸದ ಪಟ್ಟಿ ಇಡಿ, 56 ಬೈಟ್.

ದಿಕ್ಕಿಗೂ ಪಟ್ಟಿಯೇ ಸಾಕು, ಯಾಕೆಂದರೆ ಎನ್‌ಇಎಸ್ ಪ್ರೊಸೆಸರ್‌ನ ಮೂಲವಾದ 6502ಗೆ ಗುಣಾಕಾರದ ಆದೇಶವೇ ಇಲ್ಲ. 16 ದಿಕ್ಕು ಸಾಕಾದರೆ ಐದೇ ಸಂಖ್ಯೆ: 256, 237, 181, 98, 0. ಉಳಿದವು ಇವುಗಳದೇ ಅದಲುಬದಲು, ಚಿಹ್ನೆ ಬದಲು. ವೇಗ ಎರಡು ಬೈಟ್, ಮೇಲಿನದು ಪಿಕ್ಸೆಲ್, ಕೆಳಗಿನದು ಅದರ 256ನೇ ಭಾಗ. ಗಾಳಿ ಅಂದರೆ ಚೆಂಡು ಗಾಳಿಯಲ್ಲಿರುವಷ್ಟು ಹೊತ್ತು ಪ್ರತಿ ಫ್ರೇಮ್‌ಗೂ ಆ ವೇಗಕ್ಕೆ ಒಂದು ಚಿಕ್ಕ ಸಂಖ್ಯೆ ಕೂಡುವುದು, ಅಷ್ಟೇ. ನೆಲಕ್ಕೆ ಬಿದ್ದ ಮೇಲೆ ಕೂಡುವುದನ್ನು ನಿಲ್ಲಿಸಿ. ಮರೆತರೆ ನಿಂತ ಚೆಂಡು ತಾನಾಗೇ ಉರುಳಿ ಕೊಳಕ್ಕೆ ಬೀಳುತ್ತದೆ.

18 ಗ್ರೀನ್‌ಗೆ 18 ದೊಡ್ಡ ಚಿತ್ರ ಮಾಡಲು ಹೋಗಬೇಡಿ. ನಾಲ್ಕೈದು ಆಕಾರ ಮಾಡಿ, ಬಾವುಟದ ಜಾಗ, ಇಳಿಜಾರಿನ ಬಾಣಗಳ ದಿಕ್ಕು ಬದಲಿಸಿ.

ಬೋಗಿರಾಯ

ನೆಲದ ಜಾತಿ ಉಳಿಸುವುದು ಹೊಳೆದೇ ಇರಲಿಲ್ಲ, ನಾನು ಅಂಚಿನ ಟೈಲ್ ಸಮೇತ ಉಳಿಸುತ್ತಿದ್ದೆ. ಉಳಿದ 2 ಫ್ರೇಮ್ ತಡಕ್ಕೆ ನನ್ನ ಆಟದಲ್ಲೇ ಏನಾದರೂ ಮಾಡಬಹುದೇ?

ಸ್ಕ್ಯಾನ್‌ಲೈನ್

ನಿಮ್ಮದೇ ಆಟ ಅಂದಮೇಲೆ ಸುಲಭ. ಶುರುವಿನ ಮೆನುವಿನಲ್ಲಿ 0ರಿಂದ 6ರವರೆಗೆ ಒಂದು ತಿದ್ದುಪಡಿ ಸಂಖ್ಯೆ ಇಡಿ. ಸೂಚಿಯ ಹಿಂದಿನ ಆರು ಫ್ರೇಮ್‌ಗಳ ಸ್ಥಾನ ನೆನಪಿಟ್ಟುಕೊಂಡು, ಬಟನ್ ಒತ್ತಿದಾಗ ಅಷ್ಟು ಫ್ರೇಮ್ ಹಿಂದಿನ ಸ್ಥಾನವನ್ನೇ ತೆಗೆದುಕೊಳ್ಳಿ. ಖರ್ಚು ಆರು ಬೈಟ್. ಎರಡನೇ ಒತ್ತಿಗೂ ಮೂರನೆಯದಕ್ಕೂ ಎರಡಕ್ಕೂ ಹಾಕಿ, ಮೂರನೆಯದಕ್ಕೆ ಮಾತ್ರ ಹಾಕಿ ಎರಡನೆಯದಕ್ಕೆ ಬಿಟ್ಟರೆ ಬಲ ಮಾತ್ರ ಜಾಸ್ತಿ ಹೋಗುತ್ತಿರುತ್ತದೆ. ಸೂಚಿಯ ಚಿತ್ರವನ್ನೂ ಹಿಂದಕ್ಕೆ ಸರಿಸಿ ನಿಲ್ಲಿಸಿ, ಇಲ್ಲದಿದ್ದರೆ ಆಡುವವರಿಗೆ ದಾಟಿ ನಿಂತಂತೆ ಕಂಡು ಚೆಂಡು ನೇರ ಹೋಗುತ್ತದೆ, ಗೊಂದಲ.

1984ರ ಅಸಲಿ ಆಟಕ್ಕಾದರೆ ಕೈಯೇ ಗತಿ. ಹತ್ತು ಹೊಡೆತದಲ್ಲಿ ಸೂಚಿ ಗುರುತಿನಿಂದ ಎಷ್ಟು ಪಿಕ್ಸೆಲ್ ದಾಟಿ ನಿಲ್ಲುತ್ತದೆ ನೋಡಿಕೊಂಡು, ಅಷ್ಟೇ ಮುಂಚೆ ಒತ್ತಿ. ಗುರಿಯನ್ನೇ ಪಕ್ಕಕ್ಕೆ ತಿರುಗಿಸಿ ಸರಿದೂಗಿಸಲು ಹೋಗಬೇಡಿ. ಉದ್ದ ಹೊಡೆತದಲ್ಲಿ ಬಾಗುವುದು ಜಾಸ್ತಿ, ಗಿಡ್ಡ ಹೊಡೆತದಲ್ಲಿ ಕಡಿಮೆ, ಒಂದೇ ಅಳತೆ ಎಲ್ಲ ಕ್ಲಬ್‌ಗೂ ಹೊಂದುವುದಿಲ್ಲ. ಹಾಗೆಯೇ ಕಾರ್ಟ್ರಿಡ್ಜ್, ಕನ್ಸೋಲ್ ಪಾಲ್ (ಯುರೋಪಿನ ಟೀವಿ ಪದ್ಧತಿ) ಆವೃತ್ತಿಯದಲ್ಲ ತಾನೇ? ಪಾಲ್ ಆದರೆ ಸೆಕೆಂಡಿಗೆ 50 ಫ್ರೇಮ್. ವೇಗ ತಿದ್ದದೆ ತಂದ ಆಟ ಆರನೇ ಒಂದು ಭಾಗ ನಿಧಾನ ಓಡುತ್ತದೆ, ಎಮ್ಯುಲೇಟರ್‌ನಲ್ಲಿ ಕಲಿತ ಲಯ ಅಲ್ಲಿ ಕೂರುವುದಿಲ್ಲ.

ಬೋಗಿರಾಯ

ಎರಡೂ ಎನ್‌ಟಿಎಸ್‌ಸಿ. ರಬ್ಬರ್ ಒರೆಸಿದೆ, ನಲವತ್ತು ಹೊಡೆತದಲ್ಲಿ ಒಮ್ಮೆಯೂ ಮೀಟರ್ ನಡುದಾರಿಯಲ್ಲಿ ನಿಂತಿಲ್ಲ. ನಕ್ಷೆಯ ಕೋಡ್ ಬದಲಿಸಲು ಕೂತಿದ್ದೇನೆ.